ಹದಿನೈದು ದಿನ ಮುಂಚಿನ ಶ್ರಾವಣ

ನಮ್ಮ ಮಹಿಳಾ ಸಮಾಜದ ಪುಸ್ತಕ ಭಂಡಾರಕ್ಕೆ ಹೊಸದಾಗಿ ಸೇರಿರುವ ಇಬ್ಬರು ಹುಡುಗಿಯರು ಹೋದ ವಾರ ನನ್ನನ್ನು ಹುಡುಕಿಕೊಂಡು ಬಂದಿದ್ದರು. ಪುಸ್ತಕಗಳಿಗೆ ನಂಬರು ಹಾಕುವ ವಿದ್ಯೆಯನ್ನು ಕಾಲೇಜಿನಲ್ಲೇ ಕಲಿತು ಬಂದವರು. ಹಳೇ ರಿಜಿಸ್ಟರಿನಲ್ಲಿ ಪುಸ್ತಕಗಳ ಎದುರು ಆಷಾಢ, ಧನುರ್ಮಾಸ, ಪಕ್ಷಮಾಸ ಎಂದೆಲ್ಲ ಬರೆದಿದೆಯಲ್ಲ, ಅದೇನು ಎಂದು ಕೇಳಿದರು. ಪುಸ್ತಕ ಬರೆದವರ ಊರಿನ ಹೆಸರಿರಬಹುದು ಎಂದು ಒಬ್ಬಳು ಅಂದುಕೊಂಡಿದ್ದಳಂತೆ. ನಕ್ಕು ನಕ್ಕು ನನಗೆ ಕೆಮ್ಮು ಬಂತು. ಅವರು ಹೋದ ಮೇಲೆ ನಗು ನಿಂತಿತು. ಆ ರಿಜಿಸ್ಟರಿನಲ್ಲಿ ಇರುವುದನ್ನೆಲ್ಲ ಹೇಳಿದೆ, ಇಲ್ಲದ ಒಂದು ಸಂಗತಿಯನ್ನು ಹೇಳಲಿಲ್ಲ. ಅದನ್ನೂ ಸೇರಿಸಿ ಬರೆದಿಡುತ್ತೇನೆ. ಈ ಕೆಲಸಕ್ಕೆ ಬರುವವರು ಓದಿಕೊಳ್ಳಲಿ.

ಐವತ್ತರ ದಶಕದ ರಾಜಾಜಿನಗರವನ್ನು ಈಗಿನವರು ಊಹಿಸಿಕೊಳ್ಳುವುದು ಕಷ್ಟ. ಸೈಟುಗಳಿಗೆ ಗಡಿಕಲ್ಲು ನೆಟ್ಟಿದ್ದರು, ಮನೆಗಳು ಇನ್ನೂ ಏಳುತ್ತಿದ್ದವು. ಎರಡು ಮನೆ, ನಾಲ್ಕು ಖಾಲಿ ಸೈಟು, ಛಾವಣಿ ಇಲ್ಲದ ಒಂದಷ್ಟು ಗೋಡೆ, ಅದರಾಚೆ ರಾಗಿ ಹೊಲ. ಬೆಳಿಗ್ಗೆ ಕಾರ್ಖಾನೆಯ ಸೈರನ್ ಕೂಗಿದರೆ ಗಂಡಸರೆಲ್ಲ ಸೈಕಲ್ ಹತ್ತಿ ಮಾಯ. ಸಂಜೆಯ ಸೈರನ್ ತನಕ ಬಡಾವಣೆಯಲ್ಲಿ ಹೆಂಗಸರು, ಮುದುಕರು, ಗಾಳಿ. ಹೆಂಗಸರು ಅಷ್ಟು ದೂರ ನಡೆದು ಸಮಾಜಕ್ಕೆ ಬರುತ್ತಿರಲಿಲ್ಲ. ಅದಕ್ಕೇ ಮೆಟ್ರಿಕ್ ಮುಗಿಸಿ ಮನೆಯಲ್ಲಿ ಕೂತಿದ್ದ ನನ್ನನ್ನು ನಮ್ಮ ಅಧ್ಯಕ್ಷೆ ಕಾಮಾಕ್ಷಮ್ಮನವರು ಕೆಲಸಕ್ಕೆ ತೆಗೆದುಕೊಂಡರು. ಎರಡು ಬಟ್ಟೆ ಚೀಲದಲ್ಲಿ ಪುಸ್ತಕ ತುಂಬಿಕೊಂಡು ಮಧ್ಯಾಹ್ನ ಮನೆಮನೆಗೆ ಹೋಗಿ ಕೊಟ್ಟು ಬರುವುದು, ಹದಿನಾಲ್ಕನೆಯ ದಿನ ಹೋಗಿ ಹಳೆಯದನ್ನು ಪಡೆದು ಹೊಸದನ್ನು ಕೊಡುವುದು. ಎಲ್ಲರೂ ನನ್ನನ್ನು ‘ಪುಸ್ತಕದಕ್ಕ’ ಎನ್ನುತ್ತಿದ್ದರು. ನನಗಿಂತ ದೊಡ್ಡವರೂ ಅಕ್ಕ ಎನ್ನುತ್ತಿದ್ದುದು ಮೊದಮೊದಲು ಸಂಕೋಚವಾಗುತ್ತಿತ್ತು.

ಕಾಮಾಕ್ಷಮ್ಮ ಮಿಡ್ಲ್ ಸ್ಕೂಲಿನ ಹೆಡ್‌ಮಿಸ್ಟ್ರೆಸ್ ಆಗಿದ್ದವರು. ನಿವೃತ್ತಿ ಆದ ಮೇಲೂ ಅವರ ಕೈಯಲ್ಲಿ ಅಡಿಕೋಲು ಇರುತ್ತಿತ್ತು. ಪುಸ್ತಕವನ್ನು ತಿಂಗಳಿಗೆ ತಕ್ಕಂತೆ ಕೊಡಬೇಕು ಎಂಬುದು ಅವರ ಕಾನೂನು. ಪುಸ್ತಕಗಳನ್ನು ತಿಂಗಳ ಪ್ರಕಾರ ಗಂಟು ಕಟ್ಟಿ ಇಡುತ್ತಿದ್ದರು. ಬೇಸಿಗೆಯ ಗಂಟಿನಲ್ಲಿ ಉಪ್ಪಿನಕಾಯಿ, ಸಂಡಿಗೆ, ರಜೆಗೆ ಬಂದ ಮಕ್ಕಳ ಕಥೆಗಳು. ಆಷಾಢದ ಗಂಟು ಎಲ್ಲಕ್ಕಿಂತ ದಪ್ಪ. ಆ ತಿಂಗಳು ಮದುವೆ ಮುಂಜಿ ಇಲ್ಲ, ಹೊಸದಾಗಿ ಮದುವೆಯಾದ ಹೆಣ್ಣುಮಕ್ಕಳು ತವರಿನಲ್ಲಿರುತ್ತಾರೆ, ಹೊತ್ತು ಹೋಗುವುದಿಲ್ಲ, ಉದ್ದುದ್ದ ಕಾದಂಬರಿ ಬೇಕು. ಶ್ರಾವಣಕ್ಕೆ ವ್ರತಕಥೆ, ಆರತಿ ಹಾಡು. ಪಕ್ಷಮಾಸದಲ್ಲಿ ಹಾಸ್ಯದ ಪುಸ್ತಕ ಹೊರಗೆ ಹೋಗುವಂತಿಲ್ಲ. ಒಂದು ವರ್ಷ ನಾನು ತಿಳಿಯದೆ ಕೊಟ್ಟುಬಿಟ್ಟು, ತಾತನ ಎಡೆ ಇಡುವ ಹೊತ್ತಿಗೆ ಆ ಮನೆಯ ಮಗಳು ಒಳಕೋಣೆಯಲ್ಲಿ ಗಹಗಹಿಸಿ ನಕ್ಕು, ಪುರೋಹಿತರು ಮಂತ್ರ ಮರೆತು, ಆ ಮನೆಯವರು ಆರು ತಿಂಗಳು ನನಗೆ ಬಾಗಿಲು ತೆಗೆಯಲಿಲ್ಲ.

ಇನ್ನೊಂದು ಎಡವಟ್ಟು ಸಂಡಿಗೆಯದು. ಬೇರೆ ಪುಸ್ತಕ ಇರಲಿಲ್ಲ ಎಂದು ಜ್ಯೇಷ್ಠದಲ್ಲಿ ಒಬ್ಬರಿಗೆ ಹಪ್ಪಳ ಸಂಡಿಗೆಯ ಪುಸ್ತಕ ಕೊಟ್ಟೆ. ಪುಣ್ಯಾತ್ಗಿತ್ತಿ ಅದನ್ನು ಓದಿದ್ದೇ ತಡ ಎರಡು ಸೇರು ಅಕ್ಕಿಯ ಹಿಟ್ಟು ಕುದಿಸಿ ಮಾಳಿಗೆಯ ಮೇಲೆ ಸಂಡಿಗೆ ಹಾಕಿದರು. ಮೂರು ದಿನ ಬಿಡದೆ ಜಿಟಿಜಿಟಿ ಮಳೆ. ನಾಲ್ಕನೆಯ ದಿನ ಆ ಹುಳಿ ಹಿಟ್ಟನ್ನು ಪಾತ್ರೆಯಲ್ಲಿ ತಂದು ಸಮಾಜದ ಮೇಜಿನ ಮೇಲೆ ಕುಕ್ಕಿ ಹೋದರು. ಕಾಮಾಕ್ಷಮ್ಮ ನನ್ನನ್ನು ಬೈಯಲಿಲ್ಲ. ಅದನ್ನೇ ರೊಟ್ಟಿ ತಟ್ಟಿಸಿ ಎರಡು ದಿನ ನನಗೆ ತಿನ್ನಿಸಿದರು.

ಆ ಮೇಲೆಯೇ ಅವರು ಹೊಸ ಕಾನೂನು ಮಾಡಿದ್ದು. ಯಾವ ಮಾಸದ ಪುಸ್ತಕವಾದರೂ ಆ ಮಾಸಕ್ಕೆ ಹದಿನೈದು ದಿನ ಮುಂಚೆ ಮನೆ ಸೇರಬೇಕು. ಹಾಡು ಕಲಿಯಬೇಕು, ಸಾಮಾನು ಹೊಂದಿಸಬೇಕು, ಹಬ್ಬದ ದಿನ ಪುಸ್ತಕ ಕೊಟ್ಟರೆ ಮದುವೆ ಮುಗಿದ ಮೇಲೆ ತಾಳಿ ತಂದ ಹಾಗೆ ಎನ್ನುತ್ತಿದ್ದರು. ಮಾತು ಸರಿಯಾಗಿಯೇ ಇತ್ತು, ಹೆಂಗಸರಿಗೂ ಅನುಕೂಲವಾಯಿತು. ನನಗೆ ಮಾತ್ರ ಒಂದು ವಿಚಿತ್ರ ಆಯಿತು. ಯಾವಾಗಲೂ ಹದಿನೈದು ದಿನ ಮುಂದೆಯೇ ಬದುಕತೊಡಗಿದೆ. ಊರೆಲ್ಲ ನವರಾತ್ರಿಯಲ್ಲಿದ್ದರೆ ನನ್ನ ಚೀಲದಲ್ಲಿ ದೀಪಾವಳಿ ಇರುತ್ತಿತ್ತು. ಇವತ್ತು ಯಾವ ತಿಂಗಳು ಎಂದು ಥಟ್ಟನೆ ಕೇಳಿದರೆ ಮುಂದಿನದನ್ನೇ ಹೇಳುತ್ತಿದ್ದೆ.

ಈಗ ಕೊನೆಯ ಸಾಲಿನ ಮನೆಯ ವಿಷಯ. ಮಾಗಡಿ ರಸ್ತೆಯ ಕಡೆಗೆ ಬಡಾವಣೆ ಮುಗಿಯುವಲ್ಲಿ ಒಂದು ಒಂಟಿ ಮನೆ ಇತ್ತು. ಮುಂಬಾಗಿಲು ಯಾವಾಗಲೂ ಹಾಕಿರುತ್ತಿತ್ತು. ಪಕ್ಕದ ಸಂದಿಯಲ್ಲಿ ಒಂದು ಸಣ್ಣ ಕಿಟಕಿ, ಅದಕ್ಕೆ ಗೋಣಿತಾಟು ಕಟ್ಟಿದ್ದರು. ಎದುರಿಗೆ ಪಕ್ಕದ ಸೈಟಿನ ಮೊಂಡು ಗೋಡೆ, ಹಾಗಾಗಿ ಆ ಕಿಟಕಿಗೆ ಬಿಸಿಲೂ ಇಲ್ಲ, ಆಕಾಶವೂ ಇಲ್ಲ. ಒಂದು ಮಾರ್ಗಶಿರದ ಮಧ್ಯಾಹ್ನ ಆ ಸಂದಿಯಲ್ಲಿ ಅಡ್ಡದಾರಿ ಹಿಡಿದು ಹೋಗುತ್ತಿದ್ದಾಗ ಗೋಣಿತಾಟಿನ ಸಂದಿನಿಂದ ಒಂದು ಕೈ ಹೊರಗೆ ಬಂತು. ತೆಳ್ಳಗಿನ, ಬಿಳಿಚಿಕೊಂಡ ಕೈ, ಎರಡೇ ಹಸಿರು ಬಳೆ, ಮಣಿಕಟ್ಟಿಗೆ ಕಪ್ಪು ದಾರ.

“ಅಕ್ಕಾ, ನಂಗೂ ಒಂದು ಪುಸ್ತಕ ಕೊಡಿ,” ಎಂದಿತು ಪಿಸುದನಿ.

ಕೊಟ್ಟೆ. ಹೆಸರು ಕೇಳಿದರೆ ಕೈ ಒಳಗೆ ಹೋಯಿತು. ರಿಜಿಸ್ಟರಿನಲ್ಲಿ ‘ಕೊನೆ ಸಾಲಿನ ಕಿಟಕಿ’ ಎಂದು ಬರೆದುಕೊಂಡೆ. ಹದಿನಾಲ್ಕನೆಯ ದಿನ ಅದೇ ಹೊತ್ತಿಗೆ ಹೋದರೆ ಕೈ ಪುಸ್ತಕ ಹಿಡಿದು ಕಾಯುತ್ತಿತ್ತು. ಹೀಗೇ ಏಳು ತಿಂಗಳು ನಡೆಯಿತು. ಒಂದು ಸಲವೂ ಆ ಮುಖವನ್ನು ನಾನು ನೋಡಲಿಲ್ಲ.

ಪುಸ್ತಕಗಳು ವಾಪಸು ಬಂದಾಗ ತಣ್ಣಗೆ ಇರುತ್ತಿದ್ದವು, ಬೇಸಿಗೆಯಲ್ಲೂ. ಒಳಗೆ ಅಲ್ಲಲ್ಲಿ ಕಾಡಿಗೆಯ ಸಣ್ಣ ಚುಕ್ಕೆಗಳು. ಓದುಗರು ಪುಸ್ತಕದಲ್ಲಿ ಗುರುತು ಮಾಡಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಗೊಣಗಿಕೊಂಡು ರಬ್ಬರಿನಿಂದ ಉಜ್ಜಿ ತೆಗೆಯುತ್ತಿದ್ದೆ. ಚುಕ್ಕೆಗಳು ಯಾವ ಪದದ ಪಕ್ಕದಲ್ಲಿವೆ ಎಂದು ಎಷ್ಟೋ ದಿನ ನೋಡಲೇ ಇಲ್ಲ. ಜ್ಯೇಷ್ಠದಲ್ಲಿ ಒಂದು ದಿನ ಕಣ್ಣಿಗೆ ಬಿತ್ತು. ಪುಸ್ತಕದಲ್ಲಿ ಎಲ್ಲೆಲ್ಲಿ ತಿಂಗಳ ಹೆಸರು ಬಂದಿದೆಯೋ ಅಲ್ಲಲ್ಲಿ ಒಂದು ಚುಕ್ಕೆ. ಬೇರೆ ಯಾವ ಪದಕ್ಕೂ ಇಲ್ಲ. ಚೈತ್ರಕ್ಕೆ ಒಂದು, ವೈಶಾಖಕ್ಕೆ ಒಂದು. ಆಷಾಢ ಎಂದು ಬಂದ ಕಡೆ ಮಾತ್ರ ಎರಡು. ಯಾಕೋ ಆ ಪುಟವನ್ನು ಉಜ್ಜಲು ಮನಸ್ಸು ಬರಲಿಲ್ಲ.

ಆಷಾಢ ಬಂತು. ಬೆಂಗಳೂರಿನ ಆಷಾಢ ನಿಮಗೆ ಗೊತ್ತು, ದಿನವೆಲ್ಲ ಮೋಡ, ಗಾಳಿ, ಬೆಳಗೋ ಮಧ್ಯಾಹ್ನವೋ ತಿಳಿಯದ ಮಬ್ಬು. ಛಾವಣಿ ಇಲ್ಲದ ಮನೆಗಳಲ್ಲಿ ಗಾಳಿ ಹೊಕ್ಕರೆ ಯಾರೋ ಒಳಗಿನಿಂದ ಊಳಿಟ್ಟ ಹಾಗೆ ಕೇಳುತ್ತಿತ್ತು. ಹುಣ್ಣಿಮೆಯ ಹಿಂದಿನ ದಿನ ಶ್ರಾವಣದ ಗಂಟು ಬಿಚ್ಚಿ ಚೀಲಕ್ಕೆ ತುಂಬಿದೆವು. ಕಿಟಕಿಯ ಮನೆಗೆ ಹೋಗುವ ಮುಂಚೆ, ಅದಕ್ಕೆ ಹತ್ತಿರದವರಾದ ರುಕ್ಮಿಣಮ್ಮನವರ ಮನೆಗೆ ಹೋದೆ. ಅವರು ಬಡಾವಣೆಯ ಸುದ್ದಿಯನ್ನೆಲ್ಲ ಸೊಂಟದಲ್ಲೇ ಕಟ್ಟಿಕೊಂಡವರು. ಆ ಸಂದಿಗೆ ಯಾಕೆ ಹೋಗುತ್ತೀಯ ಎಂದು ಕೇಳಿದರು. ಒಳಗೊಬ್ಬಳು ಇದ್ದಾಳೆ, ಆ ಮನೆಯ ಸೊಸೆ ಇರಬೇಕು, ಅವಳಿಗೆ ಪುಸ್ತಕ ಕೊಡಲು ಎಂದೆ.

ರುಕ್ಮಿಣಮ್ಮ ಮೊರದಲ್ಲಿ ಆರಿಸುತ್ತಿದ್ದ ಬೇಳೆಯನ್ನು ಕೆಳಗಿಟ್ಟರು.

“ಆ ಮನೇಲಿ ಸೊಸೆ ಎಲ್ಲಿದಾಳೆ? ಮಗ, ತಾಯಿ ಇಬ್ರೇ ಇರೋದು. ಹೋದ ವರ್ಷ ಸೊಸೆ ಬಂದ ತಿಂಗಳಿಗೇ ಮಾವ ಸತ್ರು. ಕಾಲ್ಗುಣ ಸರಿ ಇಲ್ಲ ಅಂತ ತವರಿಗೆ ಕಳಿಸ್ಬಿಟ್ರು. ಅಲ್ಲೇ ಹೋಗ್ಬಿಟ್ಲು ಅಂತಾರೆ ಕಣೇ.”

ಅಲ್ಲಿಂದ ಕಿಟಕಿಯ ಕಡೆಗೆ ಹೋಗಲಿಲ್ಲ, ಸೀದಾ ಸಮಾಜಕ್ಕೆ ವಾಪಸು ಬಂದು ಕಾಮಾಕ್ಷಮ್ಮನವರಿಗೆ ಹೇಳಿದೆ. ಏಳು ತಿಂಗಳಿಂದ ಸತ್ತವಳಿಗೆ ಪುಸ್ತಕ ಕೊಡುತ್ತಿದ್ದೇನೆ, ಇನ್ನು ಆ ಸಾಲಿಗೆ ಹೋಗುವುದಿಲ್ಲ ಎಂದು ಅತ್ತೇಬಿಟ್ಟೆ. ಅವರು ಕನ್ನಡಕ ಹಾಕಿಕೊಂಡು ರಿಜಿಸ್ಟರನ್ನು ಮೊದಲಿನಿಂದ ಕೊನೆಯವರೆಗೆ ನೋಡಿದರು.

“ಸತ್ತವರು ಪುಸ್ತಕ ವಾಪಸ್ ಕೊಡಲ್ಲ ಕಣೇ. ಇವಳು ಒಂದು ದಿನ ತಪ್ಪಿಸಿಲ್ಲ. ಹೋಗು, ಇವತ್ತು ಹೆಸರು ಕೇಳ್ಕೊಂಡೇ ಬಾ. ನಂಗ್ಯಾಕೋ ಅವಳ ವಿಷಯ ಸರಿ ಕಾಣ್ತಿಲ್ಲ.”

ಅವರ ಮಾತಿನಲ್ಲಿ ಎಷ್ಟು ಬುದ್ಧಿ ಇತ್ತು ಎಂದು ಈಗ ತಿಳಿಯುತ್ತದೆ. ಆಗ ನನಗೆ ಕೇಳಿಸಿದ್ದು ‘ಹೋಗು’ ಎಂಬುದೊಂದೇ.

ಹೋದೆ. ಸಂದಿಯಲ್ಲಿ ಗಾಳಿಗೆ ಗೋಣಿತಾಟು ಒಳಕ್ಕೂ ಹೊರಕ್ಕೂ ಉಸಿರಾಡುತ್ತಿತ್ತು. ಮೊದಲು ಬೆರಳು, ಆಮೇಲೆ ಕೈ ಬಂತು. ಪುಸ್ತಕವನ್ನು ದೂರದಿಂದಲೇ ಚಾಚಿದೆ, ಬೆರಳಿಗೆ ಬೆರಳು ತಾಗದಿರಲಿ ಎಂದು. ಮಂಗಳಗೌರಿಯ ಹಾಡಿನ ಪುಸ್ತಕ. ಕೈ ಅದನ್ನು ಹಿಡಿಯಿತು, ಒಳಗೆ ಎಳೆದುಕೊಳ್ಳಲಿಲ್ಲ. ನಾನೊಂದು ತುದಿ, ಆ ಕೈ ಒಂದು ತುದಿ.

“ಇದು ಶ್ರಾವಣದ್ದಲ್ವಾ ಅಕ್ಕ?” ಎಂದಿತು ದನಿ. ಆಮೇಲೆ ಇನ್ನೂ ಮೆಲ್ಲಗೆ, “ಶ್ರಾವಣ ಬಂದ್ಬಿಡ್ತಾ?”

“ಹೂಂ,” ಎಂದೆ.

ಪುಸ್ತಕ ನನ್ನ ಕೈ ಬಿಟ್ಟು ಹೋಯಿತು. ಹೆಸರು ಕೇಳಬೇಕಿತ್ತು. ನಾನು ಆಗಲೇ ಸಂದಿಯ ತುದಿಯಲ್ಲಿದ್ದೆ, ರಸ್ತೆಗೆ ಬಂದ ಮೇಲೆ ಓಡಿದೆ. ಸಮಾಜಕ್ಕೆ ಬಂದು, ಆಕೆ ಹೆಸರು ಹೇಳಲಿಲ್ಲ ಎಂದು ಸುಳ್ಳು ಹೇಳಿದೆ.

ಹದಿನಾಲ್ಕು ದಿನ ಕಳೆದು ಮತ್ತೆ ಹೋದಾಗ ಕಿಟಕಿಗೆ ಗೋಣಿತಾಟು ಇರಲಿಲ್ಲ, ಮರದ ಹಲಗೆ ಹೊಡೆದಿದ್ದರು. ಮನೆಯ ಮುಂದೆ ಎತ್ತಿನ ಗಾಡಿ ನಿಂತಿತ್ತು. ಗಾಡಿಯಲ್ಲಿ ಹೊಸದಾಗಿ ಹಾಸಿದ ಹುಲ್ಲು, ಅದರ ಮೇಲೆ ಜಮಖಾನ. ಮುಂಬಾಗಿಲು ಮೊದಲ ಸಲ ತೆರೆದಿತ್ತು. ಬಾಗಿಲಲ್ಲಿ ಒಬ್ಬ ಮುದುಕಿ, ಜಗಲಿಯ ಕೆಳಗೆ ಕೈಯಲ್ಲಿ ಸೀರೆಯ ಪೊಟ್ಟಣ ಹಿಡಿದ ಒಬ್ಬ ಗಂಡಸು. ಹೊಲದಿಂದ ಎದ್ದು ಬಂದವರ ಹಾಗೆ ಅವರ ಕಾಲಿಗೆ ಇನ್ನೂ ಕೆಮ್ಮಣ್ಣು ಅಂಟಿತ್ತು. ಅವರು ಕೆಂಪಯ್ಯ. ಕೆಂಗೇರಿಯ ಹತ್ತಿರದ ಹಳ್ಳಿಯವರು, ಆ ಮನೆಯ ಸೊಸೆಯ ಅಣ್ಣ. ಹೆಸರು ನನಗೆ ಆಗ ತಿಳಿಯಿತು: ಜಯಮ್ಮ.

ಸಂಗತಿಯೆಲ್ಲ ಹೊರಗೆ ಬಿದ್ದದ್ದು ಆ ಜಗಲಿಯಲ್ಲಿ. ಮಾವ ಸತ್ತ ಮೇಲೆ ಅವಳ ಕಾಲು ಹೊಸ್ತಿಲ ಹೊರಗೆ ಬೀಳಬಾರದು ಎಂದು ಮುದುಕಿ ಅವಳನ್ನು ಹಿಂದಿನ ಕೋಣೆಯಲ್ಲೇ ಇಟ್ಟಿದ್ದಳು. ಊರವರಿಗೆ, ಸೊಸೆಯನ್ನು ತವರಿಗೆ ಕಳಿಸಿದೆವು ಎಂದಳು; ತವರಿನವರಿಗೆ, ಸೂತಕದ ವರ್ಷ ಕಳಿಸುವುದಿಲ್ಲ ಎಂದಳು. ಸೂತಕದ ವರ್ಷವೆಂದು ಮನೆಯಲ್ಲಿ ಹಬ್ಬವಿಲ್ಲ, ಹೋಳಿಗೆಯಿಲ್ಲ, ತೋರಣವಿಲ್ಲ. ಗೋಡೆಯ ಪಂಚಾಂಗವನ್ನೂ ಕಿತ್ತಿದ್ದಳು. ಆ ಹುಡುಗಿಗೆ ಯಾವ ತಿಂಗಳು ನಡೆಯುತ್ತಿದೆ ಎಂದು ಹೇಳುವುದು ನನ್ನ ಚೀಲವೊಂದೇ ಆಗಿತ್ತು. ವರ್ಷದ ತಿಥಿ ಮುಗಿದ ಮೇಲೆ ಬರುವ ಆಷಾಢದಲ್ಲಿ ಕರೆದುಕೊಂಡು ಹೋಗುತ್ತೇನೆ ಎಂದು ಅಣ್ಣ ಮಾತು ಕೊಟ್ಟಿದ್ದರು. ಅವಳು ಆ ಒಂದು ಮಾತಿನ ಮೇಲೆ ಬದುಕಿದ್ದಳು.

ಮತ್ತೆ ಅವಳೆಲ್ಲಿ? ಎರಡು ವಾರದ ಹಿಂದೆ, ಒಂದು ಮಧ್ಯಾಹ್ನ, ಹಿತ್ತಲ ಬಾಗಿಲ ಅಗುಳಿ ಮುರಿದು ಹೋದಳು ಎಂದಳು ಮುದುಕಿ. ಯಾವ ಮಧ್ಯಾಹ್ನ ಎಂದು ನಾನು ಕೇಳಬೇಕಾಗಿರಲಿಲ್ಲ.

ಕೆಂಪಯ್ಯ ನನ್ನ ಕಡೆ ತಿರುಗಿದರು. ನಾನು ಯಾರೆಂದು ಅವರಿಗೆ ಇನ್ನೂ ತಿಳಿದಿರಲಿಲ್ಲ, ನಿಂತಿದ್ದ ಯಾರೋ ಒಬ್ಬಳನ್ನು ಕೇಳಿದ ಹಾಗೆ ಕೇಳಿದರು.

“ಆಷಾಢ ಇನ್ನೂ ಎರಡು ದಿನ ಐತಲ್ಲಮ್ಮ. ಬತ್ತೀನಿ ಅಂತ ಹೇಳಿದ್ದೆ. ಯಾಕೆ ಕಾಯ್ಲಿಲ್ಲ ಇವಳು?”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ನಾನಾಡಿದ್ದು ಮಾತೂ ಅಲ್ಲ, ಬರೀ ಒಂದು ‘ಹೂಂ’. ತಲೆ ತಗ್ಗಿಸಿಕೊಂಡು ಬಂದುಬಿಟ್ಟೆ.

ಬಾವಿಗಳನ್ನು ನೋಡಿದರು, ಕೆರೆಗಳನ್ನು ನೋಡಿದರು. ಅತ್ತಿಗುಪ್ಪೆ, ನಾಗರಬಾವಿಯ ದನಕಾಯುವವರನ್ನು ಕೇಳಿದರು. ಕೊನೇ ಸಾಲಿನ ಮನೆಯವರು ಮಗನ ಕೆಲಸ ಬಿಡಿಸಿಕೊಂಡು ಎಲ್ಲಿಗೋ ಹೋದರು. ನಾನು ಕೆಲಸ ಬಿಡುತ್ತೇನೆ ಎಂದೆ, ಕಾಮಾಕ್ಷಮ್ಮ ಬಿಡಲಿಲ್ಲ. ಕಾರಣವನ್ನು ಅವರಿಗೂ ಹೇಳಲಿಲ್ಲ. ಆದರೆ ಆವತ್ತಿನಿಂದ ಪ್ರತಿ ಪುಸ್ತಕದ ಮೊದಲ ಪುಟಕ್ಕೆ ಒಂದು ಚೀಟಿ ಅಂಟಿಸಿ, ಕೊಟ್ಟ ದಿನದ ತಾರೀಖು, ಮಾಸ, ತಿಥಿ ಮೂರನ್ನೂ ಬರೆಯತೊಡಗಿದೆ. ಅದೇನು ಪುಸ್ತಕಕ್ಕೆ ಜಾತಕ ಬರೆಯುತ್ತಿದ್ದೀಯಾ ಎಂದು ಕಾಮಾಕ್ಷಮ್ಮ ರೇಗಿಸಿದರು. ಆ ಸಂದಿಯಲ್ಲಿ ಓಡಾಡುವುದನ್ನು ಬಿಡಲಿಲ್ಲ. ಖಾಲಿ ಮನೆಯ ಹಲಗೆ ಹೊಡೆದ ಕಿಟಕಿಯ ಮುಂದೆ ಹದಿನಾಲ್ಕು ದಿನಕ್ಕೊಮ್ಮೆ ನಿಂತು, ಇವತ್ತು ಇಂಥ ತಿಂಗಳು, ಇಂಥ ತಿಥಿ ಎಂದು ಬಾಯಿಬಿಟ್ಟು ಹೇಳಿ ಬರುತ್ತಿದ್ದೆ. ಹುಚ್ಚು ಎನ್ನಿ. ಒಂದೆರಡು ಸಲ ಒಳಗಿನಿಂದ ಬಳೆಯ ಸದ್ದು ಕೇಳಿಸಿತು. ಅದು ಗಾಳಿ ಎಂದು ಯಾರಾದರೂ ಹೇಳಿದರೆ ವಾದ ಮಾಡುವುದಿಲ್ಲ.

ಮಾರನೆಯ ಆಷಾಢದಲ್ಲಿ ಕೆಂಪಯ್ಯ ಸಮಾಜಕ್ಕೆ ಬಂದರು, ಕಂಕುಳಲ್ಲಿ ಒಂದು ಹಲಸಿನ ಹಣ್ಣು. ಪುಸ್ತಕ ಕೊಡುತ್ತಿದ್ದವಳು ನಾನು ಎಂದು ಯಾರೋ ಹೇಳಿದ್ದರು. ಬೆಂಚಿನ ಮೇಲೆ ಕೂತು, ತಂಗಿಯ ವಿಷಯ ಏನಾದರೂ ತಿಳಿಯಿತೇ ಎಂದು ಕೇಳಿದರು. ಇಲ್ಲ ಎಂದೆ. ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿಕೊಂಡು ಕೂತಿದ್ದು, ಮಜ್ಜಿಗೆ ಕುಡಿದು ಹೋದರು. ಅದರ ಮುಂದಿನ ವರ್ಷವೂ ಬಂದರು. ಅದೇ ಪ್ರಶ್ನೆ, ಅದೇ ಉತ್ತರ, ಅದೇ ನೋಟ. ಆಷಾಢ ಹತ್ತಿರ ಬಂದರೆ ನನಗೆ ಊಟ ಸೇರುತ್ತಿರಲಿಲ್ಲ. ಬಾಗಿಲಲ್ಲಿ ನೆರಳು ಬಿದ್ದರೆ ರಿಜಿಸ್ಟರಿನ ಮೇಲೆ ಬಗ್ಗಿಬಿಡುತ್ತಿದ್ದೆ.

ನಾಲ್ಕನೆಯ ವರ್ಷ ಅವರು ಬಂದಾಗ ಸಮಾಜದಲ್ಲಿ ನಾನೊಬ್ಬಳೇ ಇದ್ದೆ. ಅವರು ಕೇಳುವ ಮುಂಚೆಯೇ ಹೇಳಿಬಿಟ್ಟೆ. ಅವಳು ಶ್ರಾವಣ ಬಂತಾ ಎಂದು ಕೇಳಿದ್ದು, ಬಂದಿರದಿದ್ದರೂ ನಾನು ಹೂಂ ಎಂದದ್ದು, ಹೆದರಿ ಓಡಿದ್ದು, ಎಲ್ಲ. ಮೇಜಿನ ಅಂಚನ್ನು ಹಿಡಿದುಕೊಂಡು ನಿಂತಿದ್ದೆ.

ಕೆಂಪಯ್ಯ ಹೆಗಲ ಮೇಲಿನ ಟವಲಿನ ಗಂಟು ಬಿಚ್ಚಿದರು. ಒಳಗೆ ಮಂಗಳಗೌರಿಯ ಹಾಡಿನ ಪುಸ್ತಕ, ಮೇಲೆ ನಮ್ಮ ಸಮಾಜದ ಮೊಹರು. ನೀರು ಕುಡಿದು ಒಣಗಿ ಪುಟಗಳು ಉಬ್ಬಿದ್ದವು.

“ನಾನು ಗಾಡಿ ತಂದಿದ್ನಲ್ಲ, ಅದೇ ವಾರ ಸಿಕ್ತು, ನಮ್ಮೂರ ಕೆರೆ ಏರಿ ಮೇಲೆ. ಮನೆಗೆ ಇನ್ನು ಅರ್ಧ ಮೈಲಿ. ಕೆರೆ ಎಲ್ಲ ಜಾಲಾಡಿಸ್ದೆ, ಏನೂ ಸಿಗ್ಲಿಲ್ಲ.”

“ಮತ್ತೆ ವರ್ಷ ವರ್ಷ ನನ್ನನ್ನ ಯಾಕೆ ಕೇಳ್ತಿದ್ರಿ?” ಎಂದೆ.

“ಆವತ್ತು ನೀವು ಹೋದ್ಮೇಲೆ ಅವಳತ್ತೆ ಹೇಳಿದ್ಲು. ಆಷಾಢ ಮುಗೀತು, ನಿಮ್ಮಣ್ಣ ಬರಲ್ಲ ಅಂತ ಅವಳೇ ದಿನಾ ಚುಚ್ತಿದ್ಲಂತೆ. ಇವಳು ನಂಬಿರ್ಲಿಲ್ಲ. ಪುಸ್ತಕದೋಳೂ ಹೂಂ ಅಂದ್ಲು ಅಂತ ಅತ್ತೆ ಮುಂದೇನೇ ಅತ್ಲಂತೆ, ಆಮೇಲೆ ನಂಬಿದ್ಲಂತೆ. ಆ ಮುದುಕಿ ಮಾತು ಸುಳ್ಳಿರ್ಲಿ ಅಂತ ಬತ್ತಿದ್ದೆ ಕಣಮ್ಮ.”

ಅವರು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಪುಸ್ತಕವನ್ನು ಮೇಜಿನ ಮೇಲಿಟ್ಟು, ಟವಲನ್ನು ಕೊಡವಿ ಹೆಗಲಿಗೆ ಹಾಕಿಕೊಂಡರು. ಬಾಗಿಲ ತನಕ ಹೋಗಿ ನಿಂತರು.

“ಆ ವರ್ಷ ಮಳೆ ತಡ ಆಯ್ತು. ರಾಗಿ ಬಿತ್ತನೆ ಮುಗಿಸ್ಕೊಂಡು ಹೋಗಣ ಅಂತ ನಾನೂ ಕೂತೆ. ನೀವು ಹದಿನೈದು ದಿನ ಮುಂದೆ ಹೋದ್ರಿ, ನಾನು ಹದಿನೈದು ದಿನ ಹಿಂದೆ ಉಳ್ಕೊಂಡೆ. ಮಧ್ಯದಲ್ಲಿ ಅವಳೊಬ್ಳೇ ಆಗೋದ್ಲು.”

ಹೊಸ ಹುಡುಗಿಯರೇ, ಓದುವವರು ಏನಾದರೂ ಕೇಳಿದರೆ ನಿಂತು, ಅವರ ಕಡೆ ತಿರುಗಿ ಉತ್ತರ ಕೊಡಿ. ಇದಕ್ಕಿಂತ ಹೆಚ್ಚಿನ ಬುದ್ಧಿ ನನ್ನ ಹತ್ತಿರ ಇಲ್ಲ. ಮರುವರ್ಷ ಆಷಾಢ ಪೂರ್ತಿ ಮಜ್ಜಿಗೆ ಮಾಡಿಟ್ಟುಕೊಂಡು ಬಾಗಿಲು ನೋಡುತ್ತ ಕೂತಿದ್ದೆ. ಕೆಂಪಯ್ಯ ಬರಲಿಲ್ಲ.